ತೀರ್ಪಿಲ್ಲದೆ ಮುಗಿದ ಸ್ಪರ್ಧೆ: 1970ರ ಬರ್ಲಿನ್ ಚಿತ್ರೋತ್ಸವದ ಪ್ರಕರಣ ಅಧ್ಯಯನ

ಇಪ್ಪತ್ತನೆಯ ಬರ್ಲಿನ್ ಅಂತರರಾಷ್ಟ್ರೀಯ ಚಿತ್ರೋತ್ಸವವು 1970ರ ಜೂನ್ 26ರಂದು ಆರಂಭವಾಯಿತು. ಜುಲೈ ಮೊದಲ ವಾರದೊಳಗೆ ಅದರ ಸ್ಪರ್ಧಾ ವಿಭಾಗ ನಿಂತುಹೋಯಿತು. ತೀರ್ಪುಗಾರರ ಮಂಡಳಿ ಚದುರಿತು. ಉತ್ಸವದ ಅತ್ಯುನ್ನತ ಗೌರವವಾದ ಗೋಲ್ಡನ್ ಬೇರ್ ಪ್ರಶಸ್ತಿ ಆ ವರ್ಷ ಯಾರಿಗೂ ಸಲ್ಲಲಿಲ್ಲ. ಪ್ರಶಸ್ತಿಗೆ ಯೋಗ್ಯವಾದ ಚಿತ್ರಗಳು ಇರಲಿಲ್ಲವೆಂದು ಹೀಗಾದದ್ದಲ್ಲ. ಸತ್ಯಜಿತ್ ರೇ ಅವರ ‘ಅರಣ್ಯೇರ್ ದಿನ್ ರಾತ್ರಿ’, ಬರ್ನಾರ್ಡೊ ಬರ್ತೊಲುಚಿಯವರ ‘ದಿ ಕನ್ಫರ್ಮಿಸ್ಟ್’, ಸ್ವೀಡನ್ನಿನ ರಾಯ್ ಆಂಡರ್ಸನ್ ಅವರ ಮೊದಲ ಕಥಾಚಿತ್ರ ‘ಎ ಸ್ವೀಡಿಷ್ ಲವ್ ಸ್ಟೋರಿ’ ಹಾಗೂ ರೈನರ್ ವರ್ನರ್ ಫಾಸ್‌ಬಿಂಡರ್ ಸಹನಿರ್ದೇಶಕರಾಗಿದ್ದ ಒಂದು ಜರ್ಮನ್ ಚಿತ್ರ ಆ ವರ್ಷದ ಸ್ಪರ್ಧೆಯಲ್ಲಿದ್ದವು. ಇವುಗಳಲ್ಲಿ ಕೆಲವು ಇಂದಿಗೂ ಸಿನಿಮಾ ಅಧ್ಯಯನದ ಪಠ್ಯಗಳಾಗಿ ಉಳಿದಿವೆ. ಇಷ್ಟು ಗಟ್ಟಿಯಾದ ಪಟ್ಟಿ ಕೈಯಲ್ಲಿದ್ದೂ ಒಂದು ಉತ್ಸವ ತೀರ್ಪು ನೀಡಲಾರದೆ ಮುಗಿಯಿತೆಂದರೆ, ಅದರ ಕಾರಣವನ್ನು ಚಿತ್ರಗಳಲ್ಲಿ ಹುಡುಕುವುದಕ್ಕಿಂತ ಚಿತ್ರಗಳನ್ನು ಆರಿಸುವ ಮತ್ತು ತೂಗುವ ವ್ಯವಸ್ಥೆಯಲ್ಲಿ ಹುಡುಕುವುದು ಲೇಸು.

ವಿವಾದಕ್ಕೆ ಕಾರಣವಾದ ಚಿತ್ರ ಪಶ್ಚಿಮ ಜರ್ಮನಿಯ ಮಿಖಾಯೆಲ್ ಫರ್ಹೂವನ್ ನಿರ್ದೇಶಿಸಿದ, ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನಿಕರು ಎಸಗಿದ ಅಪರಾಧವೊಂದನ್ನು ಕುರಿತ ‘ಓ.ಕೆ.’ ಈ ಪ್ರಕರಣವನ್ನು ಸಾಮಾನ್ಯವಾಗಿ ಅಭಿವ್ಯಕ್ತಿ ಸ್ವಾತಂತ್ರ್ಯದ ಮೇಲಿನ ದಾಳಿಯೆಂದೋ, ಅಮೆರಿಕದ ಒಬ್ಬ ಹಿರಿಯ ನಿರ್ದೇಶಕರ ದೇಶಾಭಿಮಾನದ ಅತಿರೇಕವೆಂದೋ ಹೇಳಿ ಮುಗಿಸಲಾಗುತ್ತದೆ. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ಒಂದು ಚಿತ್ರವನ್ನು ಸ್ಪರ್ಧೆಗೆ ಸೇರಿಸುವ ಅಧಿಕಾರ ಒಬ್ಬರದು, ಸೇರಿದ ಚಿತ್ರಗಳಲ್ಲಿ ಉತ್ತಮವಾದದ್ದನ್ನು ಹೇಳುವ ಅಧಿಕಾರ ಇನ್ನೊಬ್ಬರದು ಎಂಬ ಗಡಿಯನ್ನು ತೀರ್ಪುಗಾರರೇ ದಾಟಿದಾಗ ಅವರನ್ನು ತಡೆಯುವವರು ಯಾರು ಎಂಬ ಪ್ರಶ್ನೆಗೆ ಬರ್ಲಿನ್ನಿನಲ್ಲಿ ಉತ್ತರವಿರಲಿಲ್ಲ ಎಂಬುದೇ ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ತಿರುಳು.

ಉತ್ಸವ ಮತ್ತು ಅದರ ನಿಯಮ

ಬರ್ಲಿನ್ ಚಿತ್ರೋತ್ಸವ 1951ರಲ್ಲಿ ಹುಟ್ಟಿದ್ದೇ ಶೀತಲ ಸಮರದ ನಡುವೆ. ಅದರ ಆರಂಭದ ಹಿಂದೆ ಪಶ್ಚಿಮ ಬರ್ಲಿನ್ನಿನಲ್ಲಿದ್ದ ಅಮೆರಿಕದ ಚಲನಚಿತ್ರ ಅಧಿಕಾರಿ ಆಸ್ಕರ್ ಮಾರ್ಟೆಯವರ ಮುತುವರ್ಜಿಯಿತ್ತು. ಪೂರ್ವ ಜರ್ಮನಿಯ ನಡುವೆ ದ್ವೀಪದಂತೆ ಉಳಿದಿದ್ದ ಆ ಅರ್ಧ ನಗರಕ್ಕೆ ಜಗತ್ತಿನ ಸಿನಿಮಾವನ್ನು ತರುವುದು ಸಾಂಸ್ಕೃತಿಕ ಕೆಲಸವಾಗಿದ್ದಷ್ಟೇ ರಾಜಕೀಯ ಕೆಲಸವೂ ಆಗಿತ್ತು. 1948-49ರ ಸೋವಿಯತ್ ದಿಗ್ಬಂಧನದ ಕಾಲದಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ವಿಮಾನಗಳು ಹೊತ್ತುತಂದ ಆಹಾರ ಮತ್ತು ಕಲ್ಲಿದ್ದಲಿನಿಂದ ಬದುಕಿ ಉಳಿದ ನಗರವದು. ಅಲ್ಲಿನ ಹಿರಿಯ ಪೀಳಿಗೆಗೆ ಅಮೆರಿಕದ ಸೈನಿಕ ರಕ್ಷಕನಾಗಿದ್ದ.

ಮೊದಲ ಕೆಲವು ವರ್ಷ ಬರ್ಲಿನ್ನಿನಲ್ಲಿ ಪ್ರೇಕ್ಷಕರ ಮತದಾನದಿಂದಲೂ ಪ್ರಶಸ್ತಿಗಳು ನಿರ್ಧಾರವಾಗುತ್ತಿದ್ದವು. 1956ರಲ್ಲಿ ಚಲನಚಿತ್ರ ನಿರ್ಮಾಪಕರ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಯಾಪ್ಫ್ ಈ ಉತ್ಸವಕ್ಕೆ ಕಾನ್ ಮತ್ತು ವೆನಿಸ್ ಉತ್ಸವಗಳ ಸಾಲಿನ ಮಾನ್ಯತೆ ನೀಡಿತು. ಅಲ್ಲಿಂದ ಮುಂದೆ ಅಂತರರಾಷ್ಟ್ರೀಯ ತೀರ್ಪುಗಾರರ ಮಂಡಳಿ ಪ್ರಶಸ್ತಿಗಳನ್ನು ನಿರ್ಧರಿಸತೊಡಗಿತು. ಮಾನ್ಯತೆಯೊಂದಿಗೆ ಒಕ್ಕೂಟದ ನಿಯಮಾವಳಿಯೂ ಬಂತು. ಎಲ್ಲ ಚಿತ್ರೋತ್ಸವಗಳೂ ರಾಷ್ಟ್ರಗಳ ನಡುವೆ ಹೆಚ್ಚಿನ ಪರಸ್ಪರ ತಿಳಿವಳಿಕೆಗೆ ನೆರವಾಗಬೇಕು ಎಂಬ ಆಶಯ ಆ ನಿಯಮಾವಳಿಯಲ್ಲಿತ್ತು. ಮಹಾಯುದ್ಧ ಮುಗಿದು ಹತ್ತು ವರ್ಷವಾಗಿದ್ದ ಯುರೋಪಿನಲ್ಲಿ ಇಂಥ ಮಾತನ್ನು ಯಾರೂ ಆಕ್ಷೇಪಿಸುವಂತಿರಲಿಲ್ಲ. ಅದನ್ನು ಹಾರೈಕೆಯೆಂದು ಓದಬೇಕೋ, ಚಿತ್ರವನ್ನು ಅನರ್ಹಗೊಳಿಸಬಲ್ಲ ಷರತ್ತೆಂದು ಓದಬೇಕೋ ಎಂಬ ಸಂದೇಹವಂತೂ ಬಗೆಹರಿಯದೆ ಉಳಿಯಿತು.

ಆ ಸಂದೇಹ ತಾತ್ವಿಕವಷ್ಟೇ ಆಗಿರಲಿಲ್ಲವೆಂಬುದಕ್ಕೆ ಅದೇ 1956ರ ಕಾನ್ ಉತ್ಸವ ಸಾಕ್ಷಿ. ನಾತ್ಸಿ ಯಾತನಾ ಶಿಬಿರಗಳನ್ನು ಕುರಿತ ಅಲೆನ್ ರೆನೆಯವರ ‘ನೈಟ್ ಅಂಡ್ ಫಾಗ್’ ಸಾಕ್ಷ್ಯಚಿತ್ರವನ್ನು ಪಶ್ಚಿಮ ಜರ್ಮನಿಯ ರಾಯಭಾರ ಕಚೇರಿಯ ಆಕ್ಷೇಪದ ಮೇರೆಗೆ ಸ್ಪರ್ಧೆಯಿಂದ ಹಿಂತೆಗೆದು, ಸ್ಪರ್ಧೆಯ ಹೊರಗೆ ತೋರಿಸಲಾಯಿತು. ಒಂದು ರಾಷ್ಟ್ರದ ಮನನೋಯುವ ಭಯ ಆಗ ಆ ರಾಷ್ಟ್ರದ ಸರ್ಕಾರದಿಂದಲೇ ಹೊರಟಿತ್ತು, ಉತ್ಸವ ಅದಕ್ಕೆ ಮಣಿದಿತ್ತು. ಬರ್ಲಿನ್ನಿನಲ್ಲಿ ಹದಿನಾಲ್ಕು ವರ್ಷಗಳ ನಂತರ ನಡೆದದ್ದು ಇದಕ್ಕಿಂತ ವಿಚಿತ್ರವಾದದ್ದು: ಯಾವ ರಾಯಭಾರಿಯ ಪತ್ರಕ್ಕೂ ಕಾಯದೆ, ಪ್ರಶಸ್ತಿ ಕೊಡಲೆಂದು ಆಹ್ವಾನಿತರಾಗಿ ಬಂದವರೇ ಚಿತ್ರದ ಅರ್ಹತೆಯನ್ನು ಪ್ರಶ್ನಿಸಿದರು.

ಚಿತ್ರ

1966ರ ನವೆಂಬರಿನಲ್ಲಿ ವಿಯೆಟ್ನಾಮಿನಲ್ಲಿ ಅಮೆರಿಕದ ಐವರು ಸೈನಿಕರ ಗಸ್ತು ತಂಡವೊಂದು ಹಳ್ಳಿಯೊಂದರಿಂದ ಒಬ್ಬ ಯುವತಿಯನ್ನು ಹೊತ್ತೊಯ್ದಿತು. ನಾಲ್ವರು ಆಕೆಯ ಮೇಲೆ ಅತ್ಯಾಚಾರವೆಸಗಿದರು, ಬಳಿಕ ಆಕೆಯ ಕೊಲೆಯಾಯಿತು. ಐದನೆಯವನು ಅದರಲ್ಲಿ ಪಾಲ್ಗೊಳ್ಳಲು ಒಪ್ಪದೆ, ಮುಂದೆ ಮೇಲಧಿಕಾರಿಗಳಿಗೆ ದೂರು ನೀಡಿ, ತನ್ನ ಜೀವಕ್ಕೆ ಅಪಾಯವಿದ್ದರೂ ಹಿಂದೆಗೆಯದೆ ಪ್ರಕರಣವನ್ನು ಸೈನಿಕ ನ್ಯಾಯಾಲಯದ ಮುಂದೆ ತಂದ. ಉಳಿದ ನಾಲ್ವರಿಗೆ ಶಿಕ್ಷೆಯಾಯಿತು. ಈ ಘಟನೆಯನ್ನು ‘ದಿ ನ್ಯೂಯಾರ್ಕರ್’ ಪತ್ರಿಕೆ 1969ರ ಅಕ್ಟೋಬರಿನಲ್ಲಿ ದೀರ್ಘ ವರದಿಯಾಗಿ ಪ್ರಕಟಿಸಿತ್ತು. ಅಂದರೆ ಫರ್ಹೂವನ್ ಆರಿಸಿಕೊಂಡ ವಸ್ತು ಅಮೆರಿಕದ ಸೈನ್ಯದ ನ್ಯಾಯಾಲಯವೇ ಸಾಬೀತೆಂದು ಒಪ್ಪಿದ, ಅಮೆರಿಕದ ಪತ್ರಿಕೆಯೇ ಜಗತ್ತಿಗೆ ತಿಳಿಸಿದ ಒಂದು ಅಪರಾಧ. ವಿವಾದದ ಗದ್ದಲದಲ್ಲಿ ಈ ಅಂಶಕ್ಕೆ ಸಿಗಬೇಕಾದ ಗಮನ ಸಿಗಲಿಲ್ಲವೆಂದು ನನಗನಿಸುತ್ತದೆ.

ನಿರ್ದೇಶಕರು ಈ ವಸ್ತುವನ್ನು ಯುದ್ಧದ ಚಿತ್ರವಾಗಿ ಮಾಡಲಿಲ್ಲ. ವಿಯೆಟ್ನಾಮಿನ ಕಾಡಿನ ಬದಲು ಬವೇರಿಯಾದ ಕಾಡು, ಸೈನಿಕರ ಪಾತ್ರದಲ್ಲಿ ಬವೇರಿಯಾದ ಆಡುಮಾತನ್ನೇ ಆಡುವ ಜರ್ಮನ್ ನಟರು, ಎಲ್ಲವೂ ಕಪ್ಪು-ಬಿಳುಪಿನಲ್ಲಿ. ಆರಂಭದಲ್ಲಿಯೇ ನಟರು ಕ್ಯಾಮೆರಾದ ಮುಂದೆ ತಮ್ಮ ಪರಿಚಯ ಹೇಳಿಕೊಂಡು ಪಾತ್ರದೊಳಗೆ ಇಳಿಯುತ್ತಾರೆ. ಒಪ್ಪದ ಸೈನಿಕನ ಪಾತ್ರವನ್ನು ಸ್ವತಃ ಫರ್ಹೂವನ್ ಮಾಡಿದ್ದಾರೆ, ಯುವತಿಯ ಪಾತ್ರವನ್ನು ಆಗಿನ್ನೂ ಹದಿಹರೆಯದವರಾಗಿದ್ದ ಎವಾ ಮಾಟೆಸ್. ಪ್ರೇಕ್ಷಕ ತಾನು ನೋಡುತ್ತಿರುವುದು ನಟನೆಯೆಂಬುದನ್ನು ಮರೆಯಬಾರದು ಎಂಬ ಜರ್ಮನ್ ನಾಟಕಕಾರ ಬ್ರೆಖ್ಟ್ ಅವರ ರಂಗಭೂಮಿಯ ಪಾಠ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಈ ರೂಪದಿಂದಾಗಿ ಚಿತ್ರದ ಆರೋಪ ಯಾರ ಮೇಲೆ ಎಂಬುದೇ ಬದಲಾಗುತ್ತದೆ. ಬವೇರಿಯಾದ ಹುಡುಗರ ಬಾಯಲ್ಲಿ ಅವರದೇ ಊರಿನ ಮಾತು ಬಂದಾಗ ಜರ್ಮನ್ ಪ್ರೇಕ್ಷಕನಿಗೆ ಅದು ದೂರದ ಅಮೆರಿಕನ್ನರ ಕ್ರೌರ್ಯವೆನಿಸದೆ, ಸಮವಸ್ತ್ರ ತೊಟ್ಟ ಯಾವನಾದರೂ, ತನ್ನ ಅಪ್ಪನಾದರೂ, ಇದನ್ನು ಮಾಡಿರಬಹುದೆನಿಸುತ್ತದೆ. ಜರ್ಮನಿಯಲ್ಲಿ 1970ರಲ್ಲಿ ಆ ಸಂಶಯಕ್ಕೆ ಇದ್ದ ತೂಕವನ್ನು ವಿವರಿಸಬೇಕಿಲ್ಲ. ಆದರೆ ಆಡುಮಾತಿನ ಈ ಸೂಕ್ಷ್ಮ, ಜರ್ಮನ್ ಬಾರದ ತೀರ್ಪುಗಾರರಿಗೆ ಅನುವಾದದಲ್ಲಿ ಎಷ್ಟು ಮುಟ್ಟೀತು? ಅವರ ಕಣ್ಣಿಗೆ ಬಿದ್ದದ್ದು ಅಮೆರಿಕದ ಸಮವಸ್ತ್ರ. ಅಂತರರಾಷ್ಟ್ರೀಯ ಉತ್ಸವಗಳಲ್ಲಿ ಇದು ಹಳೆಯ ತೊಡಕು. ಪ್ರಾದೇಶಿಕ ಮಾತಿನ ಮೇಲೆ ನಿಂತ ನಮ್ಮ ಎಷ್ಟೋ ಕನ್ನಡ ಚಿತ್ರಗಳು ಹೊರಗೆ ಹೋದಾಗ ಕಳೆದುಕೊಳ್ಳುವುದೂ ಇದನ್ನೇ.

ತೀರ್ಪುಗಾರರು

ಮಂಡಳಿಯಲ್ಲಿ ಒಂಬತ್ತು ಜನರಿದ್ದರು. ಅಧ್ಯಕ್ಷರು ಅಮೆರಿಕದ ಜಾರ್ಜ್ ಸ್ಟೀವನ್ಸ್. ಉತ್ತಮ ನಿರ್ದೇಶನಕ್ಕೆ ಎರಡು ಬಾರಿ ಆಸ್ಕರ್ ಪಡೆದಿದ್ದ ಅವರು ‘ಶೇನ್’, ‘ಜೈಂಟ್’ ಮೊದಲಾದ ಚಿತ್ರಗಳಿಂದ ಹೆಸರಾದವರು. ಇಟಲಿಯ ಆಲ್ಬರ್ಟೊ ಲಾತ್ವಾದ, ಬ್ರಿಟನ್ನಿನ ನಟಿ ಬಿಲ್ಲಿ ವೈಟ್‌ಲಾ, ಬ್ರೆಜಿಲಿನ ಡೇವಿಡ್ ನೆವೆಸ್, ಫ್ರಾನ್ಸಿನ ವೆರಾ ವೊಲ್ಮಾನ್, ಸ್ವೀಡನ್ನಿನ ಗುನ್ನಾರ್ ಓಲ್ಡಿನ್, ಯುಗೊಸ್ಲಾವಿಯಾದ ದುಶಾನ್ ಮಕವೆಯೆವ್ ಹಾಗೂ ಪಶ್ಚಿಮ ಜರ್ಮನಿಯ ಇಬ್ಬರು ಉಳಿದ ಸದಸ್ಯರು.

ಸ್ಟೀವನ್ಸ್ ಅವರನ್ನು ಸಂಕುಚಿತ ಬುದ್ಧಿಯ ಹಾಲಿವುಡ್ ಮುದುಕನೆಂದು ಚಿತ್ರಿಸುವುದು ಸುಲಭ, ಆದರೆ ಅದು ನ್ಯಾಯವಲ್ಲ. ಎರಡನೆಯ ಮಹಾಯುದ್ಧದಲ್ಲಿ ಅವರು ಅಮೆರಿಕದ ಸೈನ್ಯದ ಚಿತ್ರೀಕರಣ ಘಟಕವೊಂದರ ಮುಖ್ಯಸ್ಥರಾಗಿದ್ದರು. ನಾರ್ಮಂಡಿಯ ದಂಡೆಯಿಂದ ಹಿಡಿದು ಡಾಖಾವ್ ಯಾತನಾ ಶಿಬಿರದ ಬಾಗಿಲು ತೆರೆದ ದಿನಗಳವರೆಗೆ ಎಲ್ಲವನ್ನೂ ಕ್ಯಾಮೆರಾದ ಹಿಂದೆ ನಿಂತು ಕಂಡವರು. ಶಿಬಿರಗಳ ಕುರಿತು ಅವರ ಉಸ್ತುವಾರಿಯಲ್ಲಿ ಸಿದ್ಧವಾದ ಚಿತ್ರವನ್ನು ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಸಾಕ್ಷ್ಯವಾಗಿ ತೋರಿಸಲಾಗಿತ್ತು. ಅಮೆರಿಕದ ಸೈನಿಕನೆಂದರೆ ಅವರಿಗೆ ಆ ಬಾಗಿಲು ತೆರೆದವನು. ಅಂಥವರು ಇಪ್ಪತ್ತೈದು ವರ್ಷಗಳ ನಂತರ ಜರ್ಮನಿಗೆ ಬಂದು, ಅಮೆರಿಕದ ಸೈನಿಕರ ಅಪರಾಧವನ್ನು ಜರ್ಮನ್ನರು ಅಭಿನಯಿಸುವುದನ್ನು ನೋಡಿದಾಗ ಅವರೊಳಗೆ ಎದ್ದಿರಬಹುದಾದ ಕೋಪ ನನಗೆ ಅರ್ಥವಾಗುತ್ತದೆ. ಆ ಕೋಪವನ್ನು ಅವರು ಯಾವ ಅಧಿಕಾರದ ಮೂಲಕ ಹೊರಹಾಕಿದರು ಎಂಬುದು ಬೇರೆಯೇ ಮಾತು.

ಮಕವೆಯೆವ್ ಇನ್ನೊಂದು ತುದಿಯವರು. ಎರಡು ವರ್ಷ ಮೊದಲು, 1968ರಲ್ಲಿ, ಇದೇ ಬರ್ಲಿನ್ನಿನಲ್ಲಿ ಅವರ ಚಿತ್ರಕ್ಕೆ ತೀರ್ಪುಗಾರರ ವಿಶೇಷ ಸಿಲ್ವರ್ ಬೇರ್ ದೊರಕಿತ್ತು. ಸಮಾಜವಾದಿ ದೇಶವೊಂದರಲ್ಲಿ ಚಿತ್ರ ಮಾಡುತ್ತಿದ್ದ ಅವರಿಗೆ, ಸದುದ್ದೇಶದ ಹೆಸರಿನಲ್ಲಿ ಚಿತ್ರವೊಂದನ್ನು ತಡೆಯುವ ಕ್ರಮ ಎಲ್ಲಿಂದ ಶುರುವಾಗುತ್ತದೆಂಬುದು ಚೆನ್ನಾಗಿ ಗೊತ್ತಿತ್ತು. 1971ರಲ್ಲಿ ಅವರ ‘ಡಬ್ಲ್ಯೂ.ಆರ್.’ ಚಿತ್ರವನ್ನು ಅವರ ದೇಶದಲ್ಲಿ ನಿಷೇಧಿಸಲಾಯಿತು.

ಜೂನ್ 30 ಮತ್ತು ಆಮೇಲೆ

ಕಾಲವೂ ಅನುಕೂಲವಾಗಿರಲಿಲ್ಲ. ಅಮೆರಿಕದ ಸೈನಿಕರು ವಿಯೆಟ್ನಾಮಿನ ಹಳ್ಳಿಗರನ್ನು ಕೊಂದ ಮೈ ಲಾಯ್ ಹತ್ಯಾಕಾಂಡದ ಸುದ್ದಿ 1969ರ ನವೆಂಬರಿನಲ್ಲಿ ಹೊರಬಿದ್ದಿತ್ತು. 1970ರ ಏಪ್ರಿಲ್ ಕೊನೆಯಲ್ಲಿ ಅಮೆರಿಕದ ಸೈನ್ಯ ಕಾಂಬೋಡಿಯಾಕ್ಕೂ ನುಗ್ಗಿತ್ತು. ಮೇ 4ರಂದು ಒಹಾಯೊದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಯುದ್ಧವಿರೋಧಿ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸಿ ನಾಲ್ವರನ್ನು ಕೊಂದಿದ್ದರು. ಪಶ್ಚಿಮ ಬರ್ಲಿನ್ 1967ರಿಂದಲೇ ವಿದ್ಯಾರ್ಥಿ ಚಳವಳಿಯ ಕೇಂದ್ರವಾಗಿತ್ತು. ದಿಗ್ಬಂಧನದ ನೆನಪಿರುವ ಹಿರಿಯರು ಮತ್ತು ವಿಯೆಟ್ನಾಮಿನ ಸುದ್ದಿ ನೋಡಿ ಬೆಳೆದ ಮಕ್ಕಳು ಒಂದೇ ಸಭಾಂಗಣದಲ್ಲಿ ಕೂತು ನೋಡುವ ಉತ್ಸವ ಅದಾಗಿತ್ತು.

‘ಓ.ಕೆ.’ ಜೂನ್ 30ರಂದು ಪ್ರದರ್ಶನಗೊಂಡಿತು. ಚಿತ್ರವನ್ನು ನೋಡಿದ ಬಳಿಕ ಮಂಡಳಿ ಒಳಗೊಳಗೇ ಸಭೆ ಸೇರಿತು. ಚಿತ್ರ ಅಮೆರಿಕದ ವಿರುದ್ಧವಾಗಿದೆ, ರಾಷ್ಟ್ರಗಳ ನಡುವಣ ತಿಳಿವಳಿಕೆಗೆ ನೆರವಾಗಬೇಕೆಂಬ ಫಿಯಾಪ್ಫ್ ಮಾರ್ಗಸೂಚಿಗೆ ಹೊಂದುವುದಿಲ್ಲ ಎಂಬುದು ಸ್ಟೀವನ್ಸ್ ಅವರ ನಿಲುವು. ಮತಕ್ಕೆ ಹಾಕಿದಾಗ ಏಳು ಜನ ಅವರ ಪರವಾಗಿ, ಇಬ್ಬರು ವಿರುದ್ಧವಾಗಿ ನಿಂತರು. ಈ ನಿರ್ಧಾರವನ್ನು ಮುಂದಿನ ಬರಹಗಳಲ್ಲಿ ಎರಡು ಬಗೆಯಲ್ಲಿ ಹೇಳಲಾಗುತ್ತದೆ: ಚಿತ್ರವನ್ನು ಸ್ಪರ್ಧೆಯಿಂದ ತೆಗೆಯಲಾಯಿತು ಎಂಬುದು ಒಂದು, ಚಿತ್ರ ಸ್ಪರ್ಧೆಯಲ್ಲಿರಲು ಅರ್ಹವೇ ಎಂದು ಮತ್ತೊಮ್ಮೆ ಪರಿಶೀಲಿಸುವಂತೆ ಆಯ್ಕೆ ಸಮಿತಿಯನ್ನು ಕೇಳಲಾಯಿತು ಎಂಬುದು ಇನ್ನೊಂದು. ಎರಡನೆಯದು ಕೇಳಲು ಮೃದುವಾಗಿದ್ದರೂ ಪರಿಣಾಮದಲ್ಲಿ ದೊಡ್ಡ ವ್ಯತ್ಯಾಸವೇನಿಲ್ಲ. ಆಯ್ಕೆಯಾಗಿ, ಪರದೆಯ ಮೇಲೆ ಪ್ರದರ್ಶನವೂ ಆದ ಚಿತ್ರವನ್ನು ತೂಗಬೇಕಾದವರು ಅದನ್ನು ತಕ್ಕಡಿಗೆ ಹಾಕಲು ಒಪ್ಪದಿದ್ದರು.

ಮಕವೆಯೆವ್ ಈ ನಿರ್ಧಾರವನ್ನು ಬಹಿರಂಗವಾಗಿಯೇ ವಿರೋಧಿಸಿ ಚಿತ್ರದ ಪರ ನಿಂತರು. ತೀರ್ಪುಗಾರರ ಸಭೆಯ ಗುಟ್ಟು ಕಾಯಬೇಕಾದದ್ದು ಪ್ರತಿಯೊಬ್ಬ ಸದಸ್ಯನ ಕರ್ತವ್ಯವೆಂಬುದು ಉತ್ಸವಗಳ ಸಾಮಾನ್ಯ ನಡವಳಿಕೆ, ಆದ್ದರಿಂದ ಅವರ ಮೇಲೂ ಶಿಸ್ತು ಮುರಿದ ಆಕ್ಷೇಪ ಹೊರಿಸಬಹುದು. ಆದರೆ ಗುಟ್ಟು ಇರುವುದು ಯಾವ ಚಿತ್ರ ಯಾರಿಗೆ ಹಿಡಿಸಿತು, ಯಾರಿಗೆ ಹಿಡಿಸಲಿಲ್ಲ ಎಂಬ ಚರ್ಚೆ ಮುಕ್ತವಾಗಿರಲೆಂದು. ಮಂಡಳಿ ತನಗಿಲ್ಲದ ಅಧಿಕಾರವನ್ನು ಚಲಾಯಿಸಿದಾಗ ಅದನ್ನು ಮುಚ್ಚಿಡಲೆಂದಲ್ಲ. ನನ್ನ ತೂಕದಲ್ಲಿ ಅವರು ಮಾಡಿದ್ದು ಸರಿ.

ಫರ್ಹೂವನ್ ತಮ್ಮನ್ನು ಸಮರ್ಥಿಸಿಕೊಂಡ ರೀತಿ ಸರಳವಾಗಿತ್ತು. ತಾವು ಮಾಡಿದ್ದು ಅಮೆರಿಕದ ವಿರುದ್ಧದ ಚಿತ್ರವಲ್ಲ. ಅಮೆರಿಕದ ಜನರಲ್ಲಿಯೇ ಬಹುಪಾಲು ಈಗ ಈ ಯುದ್ಧದ ವಿರುದ್ಧವಿದ್ದಾರೆ. ಹೀಗಿರುವಾಗ ಚಿತ್ರ ಅಮೆರಿಕದ ಪರವಾಗಿಯೇ ಇದೆಯೆನ್ನಬಹುದು ಎಂದು ಅವರು ವಾದಿಸಿದರು. ಈ ವಾದವನ್ನು ಮಂಡಳಿ ಒಪ್ಪಬೇಕಿತ್ತೆಂದು ನಾನು ಹೇಳುವುದಿಲ್ಲ. ಚಿತ್ರ ಯಾರ ಪರ, ಯಾರ ವಿರುದ್ಧ ಎಂಬುದನ್ನು ನಿರ್ಮಾಣ ತಂಡ ತೀರ್ಪುಗಾರರ ಮುಂದೆ ಸಾಬೀತುಪಡಿಸಬೇಕಾದ ಪರಿಸ್ಥಿತಿ ಬಂದದ್ದೇ ವ್ಯವಸ್ಥೆ ಕೆಟ್ಟಿದೆಯೆಂಬುದರ ಗುರುತು.

ಸುದ್ದಿ ಹಬ್ಬಿದೊಡನೆ ಉತ್ಸವದ ಕೇಂದ್ರ ಪರದೆಯಿಂದ ಪತ್ರಿಕಾಗೋಷ್ಠಿಗಳಿಗೆ ಸರಿಯಿತು. ಸ್ಪರ್ಧೆಯಲ್ಲಿದ್ದ ಇತರ ನಿರ್ದೇಶಕರು ಮತ್ತು ನಿರ್ಮಾಪಕರು ಮಂಡಳಿಯ ಮೇಲೆ ವಿಶ್ವಾಸವಿಲ್ಲವೆಂದು ಸಾರಿ, ತಮ್ಮ ಚಿತ್ರಗಳನ್ನು ಹಿಂತೆಗೆದುಕೊಳ್ಳಲು ಮುಂದಾದರು. ಉತ್ಸವದ ಮೊದಲ ದಿನದಿಂದಲೂ ನಿರ್ದೇಶಕರಾಗಿದ್ದ ಆಲ್‌ಫ್ರೆಡ್ ಬೌವರ್ ಮತ್ತು ಅವರ ಮೇಲಿನ ಆಡಳಿತ ಸಂಸ್ಥೆಯ ಮುಖ್ಯಸ್ಥರಾಗಿದ್ದ ವಾಲ್ಟರ್ ಶ್ಮೀಡಿಂಗ್ ಇಕ್ಕಟ್ಟಿಗೆ ಸಿಲುಕಿದರು. ಮಂಡಳಿಯನ್ನು ಮೀರಿ ನಡೆದರೆ ತೀರ್ಪುಗಾರರ ಸ್ವಾತಂತ್ರ್ಯದಲ್ಲಿ ಕೈಹಾಕಿದಂತಾಗುತ್ತದೆ. ಮಂಡಳಿಯ ಮಾತಿಗೆ ತಲೆಬಾಗಿದರೆ ತಮ್ಮದೇ ಆಯ್ಕೆ ಸಮಿತಿಯನ್ನು ತಳ್ಳಿಹಾಕಿ ಸೆನ್ಸಾರಿಗೆ ಒಪ್ಪಿದಂತಾಗುತ್ತದೆ. ಉತ್ಸವ ಎರಡರಲ್ಲಿ ಒಂದನ್ನು ಬೇಗ ಆರಿಸಿಕೊಂಡಿದ್ದರೆ ನಷ್ಟ ಕಡಿಮೆಯಾಗುತ್ತಿತ್ತೇನೊ. ದಿನಗಳು ಉರುಳಿದಷ್ಟೂ ಊಹಾಪೋಹ ಬೆಳೆಯಿತು. ಕೊನೆಗೆ ಮಂಡಳಿ ಕೆಲಸ ನಿಲ್ಲಿಸಿ ವಿಸರ್ಜನೆಯಾಯಿತು, ಸ್ಪರ್ಧೆಯನ್ನು ರದ್ದುಪಡಿಸಲಾಯಿತು.

ಎಲ್ಲಿ ತಪ್ಪಿತು

ಅಂತರರಾಷ್ಟ್ರೀಯ ಉತ್ಸವವೊಂದರಲ್ಲಿ ಚಿತ್ರ ಎರಡು ಜರಡಿಗಳನ್ನು ದಾಟುತ್ತದೆ. ಆಯ್ಕೆ ಸಮಿತಿ ಬಂದ ಚಿತ್ರಗಳಲ್ಲಿ ಕೆಲವನ್ನು ಒಳಗೆ ಬಿಡುತ್ತದೆ. ತೀರ್ಪುಗಾರರ ಮಂಡಳಿ ಒಳಗೆ ಬಂದವುಗಳಲ್ಲಿ ಒಂದೆರಡನ್ನು ಮೇಲೆತ್ತುತ್ತದೆ. ನಮ್ಮ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿಯೂ ಏಷ್ಯನ್, ಭಾರತೀಯ ಮತ್ತು ಕನ್ನಡ ಸ್ಪರ್ಧಾ ವಿಭಾಗಗಳಿಗೆ ಆಯ್ಕೆಯಾದ ಚಿತ್ರಗಳನ್ನಷ್ಟೇ ಆಯಾ ವಿಭಾಗದ ತೀರ್ಪುಗಾರರು ನೋಡುತ್ತಾರೆ. ಆಯ್ಕೆ ಸಮಿತಿ ಉತ್ಸವದ ಭಾಗ. ಅದರ ನಿರ್ಧಾರಕ್ಕೆ ಉತ್ಸವವೇ ಹೊಣೆ. ತೀರ್ಪುಗಾರರು ಹೊರಗಿನ ಅತಿಥಿಗಳು. ಅವರ ನಿರ್ಧಾರಕ್ಕೆ ಉತ್ಸವ ಹೊಣೆಯಲ್ಲ, ಅದಕ್ಕೇ ಅವರು ಸ್ವತಂತ್ರರು. ಈ ಸ್ವಾತಂತ್ರ್ಯಕ್ಕೆ ಪ್ರತಿಯಾಗಿ ಒಂದು ಮಿತಿಯೂ ಇದೆ: ತಮ್ಮ ಮುಂದೆ ಇಟ್ಟದ್ದನ್ನು ಅವರು ನೋಡಲೇಬೇಕು, ತೂಗಲೇಬೇಕು.

ಬರ್ಲಿನ್ ಮಂಡಳಿ ಈ ಸ್ವಾತಂತ್ರ್ಯವನ್ನು ಉಳಿಸಿಕೊಂಡು ಮಿತಿಯನ್ನು ಕೈಬಿಟ್ಟಿತು. ಅದಕ್ಕೆ ಬೇರೆ ದಾರಿ ಇರಲಿಲ್ಲವೆಂದು ಹೇಳುವಂತಿಲ್ಲ. ಚಿತ್ರ ಕೆಟ್ಟದ್ದೆಂದೋ ದುರುದ್ದೇಶದ್ದೆಂದೋ ಅನಿಸಿದ್ದರೆ ಏಳು ಜನ ಅದಕ್ಕೆ ಮತ ಹಾಕದೆ ಸುಮ್ಮನಿದ್ದರೆ ಸಾಕಿತ್ತು. ಒಂಬತ್ತರಲ್ಲಿ ಏಳು ಮತಗಳಿರುವಾಗ ಆ ಚಿತ್ರಕ್ಕೆ ಯಾವ ಪ್ರಶಸ್ತಿಯೂ ಬರುತ್ತಿರಲಿಲ್ಲ. ಅಂದರೆ ಪ್ರಶಸ್ತಿ ತಪ್ಪಿಸಲು ಚಿತ್ರವನ್ನು ಹೊರಗಟ್ಟುವ ಅಗತ್ಯವೇ ಇರಲಿಲ್ಲ. ಹೊರಗಟ್ಟಲು ಹೊರಟವರ ಗುರಿ ಪ್ರಶಸ್ತಿಗಿಂತ ಆಚೆಗಿತ್ತು. ಈ ಚಿತ್ರ ಇಲ್ಲಿ ಇರಲೇಬಾರದಿತ್ತು ಎಂದು ಸಾರುವುದು ಅವರಿಗೆ ಬೇಕಾಗಿತ್ತು. ಅದು ತೀರ್ಪುಗಾರನ ಮಾತಲ್ಲ, ಸೆನ್ಸಾರ್ ಅಧಿಕಾರಿಯ ಮಾತು.

ಸೆನ್ಸಾರ್ ಅಧಿಕಾರಿಯ ಮಾತಿಗಾದರೂ ಮೇಲೊಂದು ಬಾಗಿಲಿರುತ್ತದೆ. ಅದೇ 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ ಚಿತ್ರಕ್ಕೆ ಮದರಾಸಿನ ಸೆನ್ಸಾರ್ ಮಂಡಳಿ ಪ್ರಮಾಣಪತ್ರ ನಿರಾಕರಿಸಿದ್ದು ಕನ್ನಡಿಗರಿಗೆ ತಿಳಿದಿರುವ ಸಂಗತಿ. ಅಲ್ಲಿ ನಿರಾಕರಿಸಿದವರು ಯಾರು, ಯಾವ ಕಾನೂನಿನಡಿ, ಅವರ ಮೇಲೆ ಯಾರಿದ್ದಾರೆ ಎಂಬುದೆಲ್ಲ ಗೊತ್ತಿತ್ತು. ಕೇಂದ್ರ ಸರ್ಕಾರದವರೆಗೆ ಹೋಗಿ ಚಿತ್ರ ಬಿಡುಗಡೆಯಾಯಿತು, ರಾಷ್ಟ್ರಪತಿಗಳ ಸ್ವರ್ಣಪದಕವನ್ನೂ ಪಡೆಯಿತು. ಬರ್ಲಿನ್ನಿನಲ್ಲಿ ಫರ್ಹೂವನ್ ಯಾರ ಬಳಿ ಮೇಲ್ಮನವಿ ಸಲ್ಲಿಸಬೇಕಿತ್ತು? ಮಂಡಳಿ ತನ್ನನ್ನು ತಾನು ಸೆನ್ಸಾರ್ ಎಂದು ಕರೆದುಕೊಂಡಿರಲಿಲ್ಲ, ಹಾಗಾಗಿ ಸೆನ್ಸಾರಿಗೆ ಇರುವ ಯಾವ ಕಟ್ಟುಪಾಡೂ ಅದಕ್ಕೆ ಅನ್ವಯಿಸುತ್ತಿರಲಿಲ್ಲ.

ಮಾರ್ಗಸೂಚಿಯ ವಾಕ್ಯದ ಕಡೆಗೆ ಮತ್ತೆ ಬರಬೇಕು. ರಾಷ್ಟ್ರಗಳ ನಡುವೆ ತಿಳಿವಳಿಕೆ ಬೆಳೆಯಬೇಕೆಂದು ಅದು ಉತ್ಸವಗಳಿಗೆ ಹೇಳುತ್ತದೆ. ಉತ್ಸವ ಒಟ್ಟಾರೆಯಾಗಿ ಹಾಗೆ ನಡೆಯಬೇಕೆಂಬುದಕ್ಕೂ ಅಲ್ಲಿ ತೋರಿಸುವ ಪ್ರತಿಯೊಂದು ಚಿತ್ರವೂ ಯಾವ ದೇಶಕ್ಕೂ ನೋವಾಗದಂತಿರಬೇಕೆಂಬುದಕ್ಕೂ ಬಹಳ ಅಂತರವಿದೆ. ಸ್ಟೀವನ್ಸ್ ಮೊದಲನೆಯದನ್ನು ಹಿಡಿದು ಎರಡನೆಯದನ್ನು ಸಾಧಿಸಲು ನೋಡಿದರು. ಒಂದು ದೇಶದ ಸೈನ್ಯ ಮಾಡಿದ ಅಪರಾಧವನ್ನು ಹೇಳುವುದು ಆ ದೇಶದ ಬಗ್ಗೆ ತಪ್ಪು ತಿಳಿವಳಿಕೆ ಹುಟ್ಟಿಸುತ್ತದೆಯೋ, ಸರಿಯಾದ ತಿಳಿವಳಿಕೆಯನ್ನೋ ಎಂಬ ಪ್ರಶ್ನೆಗೆ ನಿಯಮಾವಳಿಯಲ್ಲಿ ಉತ್ತರವಿರಲಿಲ್ಲ. ಉತ್ತರ ಹೇಳುವವರು ಯಾರೆಂಬುದೂ ಅಲ್ಲಿರಲಿಲ್ಲ. ಮೊದಲ ಕೊರತೆ ಸಹಜವಾದದ್ದು, ಅಂಥ ಪ್ರಶ್ನೆಗೆ ಯಾವ ನಿಯಮವೂ ಉತ್ತರ ಬರೆದಿಡಲಾರದು. ಎರಡನೆಯ ಕೊರತೆಯೇ ಉತ್ಸವವನ್ನು ಮುಳುಗಿಸಿತು.

ಗಡಿ ದಾಟುವುದು ಇನ್ನೊಂದು ದಿಕ್ಕಿನಿಂದಲೂ ಆಗಬಹುದು. 2017ರಲ್ಲಿ ಗೋವಾದ ಭಾರತೀಯ ಅಂತರರಾಷ್ಟ್ರೀಯ ಚಿತ್ರೋತ್ಸವದ ಇಂಡಿಯನ್ ಪನೋರಮಾ ವಿಭಾಗಕ್ಕೆ ಸುಜಯ್ ಘೋಷ್ ಅಧ್ಯಕ್ಷತೆಯ ಜ್ಯೂರಿ ಆರಿಸಿದ್ದ ಎರಡು ಚಿತ್ರಗಳನ್ನು, ಸನಲ್ ಕುಮಾರ್ ಶಶಿಧರನ್ ಅವರ ಮಲಯಾಳ ಚಿತ್ರ ‘ಎಸ್ ದುರ್ಗಾ’ ಮತ್ತು ರವಿ ಜಾಧವ್ ಅವರ ಮರಾಠಿ ಚಿತ್ರ ‘ನ್ಯೂಡ್’ ಅನ್ನು, ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಪಟ್ಟಿಯಿಂದ ಕೈಬಿಟ್ಟಿತು. ಘೋಷ್ ರಾಜೀನಾಮೆ ನೀಡಿದರು. ಕೇರಳ ಹೈಕೋರ್ಟ್ ‘ಎಸ್ ದುರ್ಗಾ’ ಪ್ರದರ್ಶನಕ್ಕೆ ಆದೇಶಿಸಿತಾದರೂ ಉತ್ಸವ ಮುಗಿಯುವವರೆಗೂ ಚಿತ್ರ ತೆರೆ ಕಾಣಲಿಲ್ಲ. ಅಲ್ಲಿ ಆಯ್ಕೆ ಮಾಡಿದವರ ಕೆಲಸವನ್ನು ಮೇಲಿನ ಸರ್ಕಾರ ಅಳಿಸಿತು. ಬರ್ಲಿನ್ನಿನಲ್ಲಿ ಆಯ್ಕೆ ಮಾಡಿದವರ ಕೆಲಸವನ್ನು ತೀರ್ಪುಗಾರರು ಅಳಿಸಲು ನೋಡಿದರು. ಸರ್ಕಾರದ ಕೈ ಕಾಣಿಸಿದಾಗ ಅದನ್ನು ಗುರುತಿಸುವುದು ಸುಲಭ, ನ್ಯಾಯಾಲಯಕ್ಕಾದರೂ ಹೋಗಬಹುದು. ಕಲಾವಿದರೇ ಕಲಾವಿದರ ಮೇಲೆ ಅದೇ ಕೆಲಸ ಮಾಡಿದಾಗ ಅದಕ್ಕೊಂದು ಹೆಸರಿಡುವುದಕ್ಕೇ ಕೆಲವು ದಿನ ಬೇಕಾಗುತ್ತದೆ, ಹತ್ತು-ಹನ್ನೆರಡು ದಿನಗಳ ಉತ್ಸವ ಅಷ್ಟರಲ್ಲಿ ಮುಗಿದಿರುತ್ತದೆ.

ಪರಿಣಾಮಗಳು

ಉತ್ಸವ ಮುಂದಿನ ವರ್ಷ ನಡೆಯುತ್ತದೆಯೇ ಎಂಬುದೇ ಆಗ ಅನುಮಾನವಾಗಿತ್ತು. ಇದೇ ಬಗೆಯ ಅಲೆಗೆ ಸಿಕ್ಕಿದ ಬೇರೆ ಉತ್ಸವಗಳ ಉದಾಹರಣೆ ಕಣ್ಣಮುಂದಿತ್ತು: 1968ರ ಮೇ ತಿಂಗಳಲ್ಲಿ ಕಾನ್ ನಡುವೆಯೇ ನಿಂತಿತ್ತು, ವೆನಿಸ್ 1969ರಿಂದ ಹಲವು ವರ್ಷ ಪ್ರಶಸ್ತಿ ಕೊಡುವುದನ್ನೇ ಬಿಟ್ಟಿತು. ಬರ್ಲಿನ್ ಸ್ಪರ್ಧೆಯನ್ನು ಬಿಡಲಿಲ್ಲ. 1971ರಲ್ಲಿ ಹೊಸ ಮಂಡಳಿ ಕೂತು ವಿತ್ತೋರಿಯೊ ದೆ ಸಿಕಾ ಅವರ ಚಿತ್ರಕ್ಕೆ ಗೋಲ್ಡನ್ ಬೇರ್ ನೀಡಿತು. ಆದರೆ ಸ್ಪರ್ಧೆಯ ಪಕ್ಕದಲ್ಲಿ ಸ್ಪರ್ಧೆಯಿಲ್ಲದ ಇನ್ನೊಂದು ವಿಭಾಗ ಹುಟ್ಟಿತು. ಪಶ್ಚಿಮ ಬರ್ಲಿನ್ನಿನಲ್ಲಿ 1970ರ ಜನವರಿಯಲ್ಲಿ ಆರ್ಸೆನಲ್ ಚಿತ್ರಮಂದಿರವನ್ನು ತೆರೆದಿದ್ದ ಸಿನಿಮಾ ಪ್ರೇಮಿಗಳ ಸಂಘ, ಎರಿಕಾ ಮತ್ತು ಉಲ್ರಿಖ್ ಗ್ರೆಗೊರ್ ಅವರ ನೇತೃತ್ವದಲ್ಲಿ, ಹೊಸ ಸಿನಿಮಾದ ಅಂತರರಾಷ್ಟ್ರೀಯ ವೇದಿಕೆಯಾದ ‘ಫೋರಮ್’ ಅನ್ನು 1971ರಿಂದ ಉತ್ಸವದ ಭಾಗವಾಗಿ ನಡೆಸತೊಡಗಿತು. ಅಲ್ಲಿ ಬೇರ್ ಪ್ರಶಸ್ತಿಗಳಿಲ್ಲ, ಅವುಗಳನ್ನು ಹಂಚುವ ಮಂಡಳಿಯೂ ಇಲ್ಲ; ಆಯ್ಕೆ ಮಾಡಿದವರೇ ಚಿತ್ರದೊಂದಿಗೆ ಪ್ರೇಕ್ಷಕರ ಮುಂದೆ ನಿಂತು ಚರ್ಚಿಸುತ್ತಾರೆ. 1970ರ ಗೊಂದಲದಿಂದ ಬರ್ಲಿನ್ನಿಗೆ ದಕ್ಕಿದ ಗಟ್ಟಿ ಲಾಭವಿದು.

ಬೌವರ್ ಅವರ ರಾಜೀನಾಮೆಯ ಮಾತು ಎದ್ದಿತಾದರೂ ಅವರು 1976ರವರೆಗೆ ಮುಂದುವರಿದರು. ಫರ್ಹೂವನ್ ನಾತ್ಸಿ ಕಾಲದ ನೆನಪನ್ನು ಕೆದಕುವ ಚಿತ್ರಗಳಿಂದ ಮತ್ತೆ ಮತ್ತೆ ಗಮನ ಸೆಳೆದರು. 1990ರಲ್ಲಿ ಅದೇ ಬರ್ಲಿನ್ ಅವರಿಗೆ ‘ದಿ ನ್ಯಾಸ್ಟಿ ಗರ್ಲ್’ ಚಿತ್ರಕ್ಕಾಗಿ ಉತ್ತಮ ನಿರ್ದೇಶಕ ಸಿಲ್ವರ್ ಬೇರ್ ನೀಡಿತು. 1964 ಮತ್ತು 1965ರಲ್ಲಿ ಇಲ್ಲಿಯೇ ಉತ್ತಮ ನಿರ್ದೇಶಕ ಪ್ರಶಸ್ತಿ ಪಡೆದಿದ್ದ ರೇ ಅವರಿಗೆ ಗೋಲ್ಡನ್ ಬೇರ್ 1973ರಲ್ಲಿ ‘ಅಶನಿ ಸಂಕೇತ್’ ಚಿತ್ರಕ್ಕೆ ಬಂತು. ಆದರೆ ಪೆಟ್ಟು ತಿಂದವರು ಯಾರೆಂದು ಕೇಳಿದರೆ ಹೆಸರಾಂತ ನಿರ್ದೇಶಕರಿಗಿಂತ ಆ ವರ್ಷ ಮೊದಲ ಸಲ ಬಂದಿದ್ದ, ಒಂದು ಬಹುಮಾನದಿಂದ ಮುಂದಿನ ಚಿತ್ರಕ್ಕೆ ಹಣ ಹೊಂದಿಸಿಕೊಳ್ಳಬಹುದಾಗಿದ್ದ ಚಿಕ್ಕವರತ್ತ ನೋಡಬೇಕು. ಮಂಡಳಿ ಒಂದು ಚಿತ್ರವನ್ನು ತೂಗಲು ಒಪ್ಪದಿದ್ದುದರ ಬೆಲೆಯನ್ನು ತೂಕಕ್ಕೆ ಕಾದಿದ್ದ ಉಳಿದೆಲ್ಲ ಚಿತ್ರಗಳೂ ತೆತ್ತವು.

ಸ್ಟೀವನ್ಸ್ ಅವರ ಮುಂದೆ ಇದ್ದ ಇನ್ನೊಂದು ದಾರಿ ಯಾವುದೆಂದು ಒಂಬತ್ತು ವರ್ಷಗಳ ನಂತರ ಅದೇ ಉತ್ಸವದಲ್ಲಿ, ಅದೇ ವಿಯೆಟ್ನಾಂ ವಿಷಯದಲ್ಲಿಯೇ ತಿಳಿಯಿತು. 1979ರಲ್ಲಿ ಅಮೆರಿಕದ ‘ದಿ ಡಿಯರ್ ಹಂಟರ್’ ಚಿತ್ರ ವಿಯೆಟ್ನಾಮಿನ ಜನರನ್ನು ಅವಮಾನಿಸುತ್ತದೆಂದು ಸೋವಿಯತ್ ನಿಯೋಗ ಪ್ರತಿಭಟಿಸಿತು. ಇತರ ಸಮಾಜವಾದಿ ದೇಶಗಳೂ ಅದರೊಂದಿಗೆ ಉತ್ಸವದಿಂದ ಹೊರನಡೆದವು. ತೀರ್ಪುಗಾರರಲ್ಲಿ ಚೆಕೊಸ್ಲೊವಾಕಿಯಾದ ವೆರಾ ಖಿತಿಲೊವಾ ಮತ್ತು ಹಂಗೆರಿಯ ಪಾಲ್ ಗಾಬೊರ್ ಮಂಡಳಿಯಿಂದ ಹಿಂದೆ ಸರಿದರು. ಆಕ್ಷೇಪದ ತರ್ಕ ಹೆಚ್ಚು ಕಡಿಮೆ 1970ರದೇ, ಪಕ್ಷಗಳು ಮಾತ್ರ ಅದಲುಬದಲಾಗಿದ್ದವು. ಆದರೆ ಒಪ್ಪದವರು ಆ ಸಲ ತಾವೇ ಹೊರಗೆ ಹೋದರು, ಚಿತ್ರವನ್ನು ಹೊರಗೆ ಕಳಿಸುವ ಅಧಿಕಾರ ಮಂಡಳಿಗಿದೆಯೆಂದು ಹೇಳಲಿಲ್ಲ. ಉತ್ಸವವೂ ಚಿತ್ರವನ್ನು ತೋರಿಸುವ ತನ್ನ ನಿರ್ಧಾರದಿಂದ ಕದಲಲಿಲ್ಲ. ಉಳಿದ ತೀರ್ಪುಗಾರರು ಕೆಲಸ ಮುಂದುವರಿಸಿ, ಪೀಟರ್ ಲಿಲಿಯೆಂಟಾಲ್ ಅವರ ‘ಡೇವಿಡ್’ ಚಿತ್ರಕ್ಕೆ ಗೋಲ್ಡನ್ ಬೇರ್ ನೀಡಿದರು.